ವಿದ್ಯಾನಗರದ ಮನೆಯಲ್ಲಿ ರೊಟ್ಟಿ ಸಪ್ಪಳ

ಮೊದಲ ದೂರು ಬಂದಾಗ ಕೊಟ್ಟೂರೇಶ್ ನಕ್ಕಿದ್ದ.

"ಕೇಳಿಲ್ಲಿ ಭುವನಾ," ಎಂದು ಮೊಬೈಲನ್ನು ಕಣ್ಣಿನಿಂದ ದೂರ ಹಿಡಿದು ಓದಿದ. "'ಮನೆ ಸ್ವಚ್ಛವಾಗಿದೆ, ನೀರು ಚೆನ್ನಾಗಿ ಬರುತ್ತದೆ. ಆದರೆ ಮಧ್ಯಾಹ್ನ ನಾವು ಮಲಗಿದ್ದಾಗ ಕೆಲಸದಾಕೆ ಹೇಳದೆ ಕೇಳದೆ ಬಂದು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾಳೆ.' ನಮ್ಮನೇಲಿ ಕೆಲಸದಾಕೆ ಯಾವಾಗ ಇದ್ಲು?"

"ಪಕ್ಕದ ಮನೆ ಸಪ್ಪಳ ಇರ್ಬೇಕು ಬಿಡ್ರಿ," ಎಂದಳು ಭುವನೇಶ್ವರಿ.

ಹೇಳಿದ ಮೇಲೆ ಅವಳಿಗೆ ಅನುಮಾನವಾಯಿತು. ಪಕ್ಕದ ಮನೆಯ ಖತೀಜಾಬೀ ಮಾಡುವುದು ಚಪಾತಿ. ಚಪಾತಿ ಲಟ್ಟಿಸುವುದಕ್ಕೆ ಅಷ್ಟು ಸಪ್ಪಳವಿರುವುದಿಲ್ಲ.

ಆಗ ಅವರಿದ್ದದ್ದು ಹರಿಹರದಲ್ಲಿ, ಅವಳ ತಾಯಿ ಅನ್ನಪೂರ್ಣಮ್ಮನ ಮನೆಯ ಮಾಳಿಗೆ ಕೋಣೆಯಲ್ಲಿ. ದಾವಣಗೆರೆ ವಿದ್ಯಾನಗರದ ಸ್ವಂತ ಮನೆಯನ್ನು ಮೊಬೈಲ್ ಆ್ಯಪಿನ ಮೂಲಕ ದಿನದ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟಿದ್ದರು. ಕೊಟ್ಟೂರೇಶ್ ಪಿ.ಬಿ. ರಸ್ತೆಯ ಒಂದು ಟೈಲ್ಸ್ ಅಂಗಡಿಯಲ್ಲಿ ವ್ಯವಹಾರ ನೋಡಿಕೊಳ್ಳುತ್ತಿದ್ದ. ದಿನಾ ಮನೆ ಕಟ್ಟಿಸುವವರಿಗೆ ನೆಲದ ಬಣ್ಣ ತೋರಿಸಿ ತೋರಿಸಿ ಅವನಿಗೂ ಆಸ್ತಿ ಮಾಡುವ ಹಂಬಲ ಹತ್ತಿತ್ತು. ಹರಿಹರದ ರಸ್ತೆಯಲ್ಲಿ ಹೊಸದಾಗಿ ಎದ್ದ ಲೇಔಟಿನಲ್ಲಿ ಭುವನೇಶ್ವರಿಯ ಹೆಸರಿಗೇ ಒಂದು ಸೈಟು ಹಿಡಿದ. ಅದರ ಕಂತಿಗೆ ಹಣ ಎಲ್ಲಿಂದ ಎಂದು ಯೋಚಿಸುವಾಗ ತಂದೆ ಕಟ್ಟಿಸಿದ ಮನೆಯೇ ಅವನ ಕಣ್ಣಿಗೆ ಬಿತ್ತು. "ನಾವು ಕಾಲು ಚಾಚಿ ಮಲಗೋಕೆ ಇಷ್ಟು ದೊಡ್ಡ ಮನೆ ಯಾಕ? ಅದೂ ದುಡೀಲಿ," ಎಂದ. ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದಳು. ಇನ್ನು ಇವರಿಬ್ಬರಿಗೆ ಹರಿಹರದ ಕೋಣೆ ಸಾಕಲ್ಲ ಎಂಬುದು ಅವನ ವಾದ. ದಾವಣಗೆರೆಗೆ ಜನ ಬರುವುದು ತಪ್ಪುವುದಿಲ್ಲ. ಆಸ್ಪತ್ರೆಗೆ ಬಂದವರ ಕಡೆಯವರು, ಪರೀಕ್ಷೆ ನಡೆಸಲು ಬಂದ ಮೇಷ್ಟ್ರುಗಳು, ಮದುವೆಯ ದಿಬ್ಬಣದವರು, ಎಲ್ಲರಿಗೂ ಲಾಡ್ಜಿಗಿಂತ ಮನೆಯೇ ಬೇಕು. ಮೊದಲ ಸೈಟಿನ ಭಾರ ಇಳಿಯುವ ಮೊದಲೇ ಅವನು ಎರಡನೆಯದಕ್ಕೂ ಮುಂಗಡ ಕೊಟ್ಟು ಬಂದ.

ಭುವನೇಶ್ವರಿ ಒಂದೇ ಒಂದು ಮಾತು ಕೇಳಿದ್ದಳು. "ಯುಗಾದಿ ಹೊತ್ತಿಗೆ ನಾನು ನನ್ನ ಮನೇಲಿರ್ಬೇಕು."

"ಆಯ್ತು. ಅಲ್ಲಿವರೆಗೂ ಮನೆ ಖಾಲಿ ಬೀಳದಂಗೆ ನಡೀಲಿ, ಯುಗಾದಿಗೆ ಹೋಳಿಗೆ ಅಲ್ಲೇ," ಎಂದು ಅವನು ಒಪ್ಪಿದ್ದ. ಕೊಟ್ಟ ಮಾತಿಗೆ ತಪ್ಪುವ ಮನುಷ್ಯನಲ್ಲ. ಅದಕ್ಕೇ ಅವಳು ಬೀರುವಿನ ಸೀರೆಗಳನ್ನು, ದೇವರ ಫೋಟೊಗಳನ್ನು ಹಿಂದಿನ ಸಣ್ಣ ಕೋಣೆಗೆ ಸಾಗಿಸಿ ಬೀಗ ಹಾಕಿ ಹೊರಟಿದ್ದಳು.

ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವ ನಡುವೆ ಮನೆ ತೊಳೆಯುವುದು ಅವಳ ಪಾಲಿಗೆ ಬಂತು. ಹರಿಹರದಲ್ಲಿ ಬಸ್ಸು ಹತ್ತಿ ಬಂದು, ತನ್ನದೇ ಮನೆಯಲ್ಲಿ ಬೇರೆಯವರ ತಲೆಗೂದಲು ಗುಡಿಸಿ, ಬೇರೆಯವರ ಎಣ್ಣೆಯ ವಾಸನೆ ಹಿಡಿದ ದಿಂಬಿನ ಚೀಲ ಬದಲಿಸಿ, ಸಂಜೆಯೊಳಗೆ ಮತ್ತೆ ಬಸ್ಸು ಹತ್ತುವಳು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ವಾಪಸ್ ಹೋಗಿ ನೋಡಿದ್ದೂ ಉಂಟು. ಪ್ರತಿ ಸಲವೂ ಆರಿಸಿಯೇ ಇರುತ್ತಿದ್ದಳು.

ಬಾಡಿಗೆಗೆ ಬಂದವರಿರುವ ದಿನಗಳಲ್ಲಿ ಹರಿಹರದಲ್ಲಿ ಅವಳಿಗೆ ಮಾಡಲು ಕೆಲಸವಿರಲಿಲ್ಲ. ಅನ್ನಪೂರ್ಣಮ್ಮ ಒಲೆಯ ಹತ್ತಿರ ಯಾರನ್ನೂ ಬಿಟ್ಟುಕೊಳ್ಳುವವಳಲ್ಲ. ಊಟವಾದ ಮೇಲೆ ಭುವನೇಶ್ವರಿ ಮಾಳಿಗೆಯ ಕೋಣೆಯಲ್ಲಿ ಗೋಡೆಗೆ ಒರಗಿ ಕೂತು, ಮನಸ್ಸಿನಲ್ಲೇ ವಿದ್ಯಾನಗರದ ಮನೆಯನ್ನು ಹೊಕ್ಕು ಬರುವಳು. ಮೊದಲು ಗೇಟಿನ ಚಿಲಕ. ಆಮೇಲೆ ಪಡಸಾಲೆಯ ತಣ್ಣನೆಯ ನೆಲ. ಅಡುಗೆಮನೆ ಕಟ್ಟೆ ಒರೆಸಿ, ಹಿಟ್ಟಿನ ಡಬ್ಬಿ ಇಳಿಸಿ, ಹಂಚು ಕಾಯುವವರೆಗೆ ಕಿಟಕಿಯಲ್ಲಿ ನಿಲ್ಲುವುದು. ಅಲ್ಲಿದ್ದಾಗ ಇದನ್ನೆಲ್ಲ ಗಮನಿಸಿಯೇ ಇರಲಿಲ್ಲ. ಈಗ ಒಂದೊಂದೂ ಕೈಗೆ ಸಿಗುತ್ತಿತ್ತು.

ಎರಡನೆಯ ದೂರು ಹಾವೇರಿಯಿಂದ ಬಂದಿದ್ದ ಒಬ್ಬ ಕಾಲೇಜು ಉಪನ್ಯಾಸಕಿಯದು. ಅವರು ಬರೆದಿರಲಿಲ್ಲ, ಫೋನೇ ಮಾಡಿದ್ದರು. ಅಡುಗೆಮನೆಯಲ್ಲಿ ಹಸಿರು ಸೀರೆಯ ಹೆಂಗಸೊಬ್ಬಳು ಬೆನ್ನು ಮಾಡಿ ನಿಂತಿದ್ದಳಂತೆ. ಮಾತಾಡಿಸಿದರೆ ತಿರುಗಲಿಲ್ಲವಂತೆ. ಇವರು ಮೊಬೈಲ್ ತರಲು ಕೋಣೆಗೆ ಹೋಗಿ ಬರುವಷ್ಟರಲ್ಲಿ ಯಾರೂ ಇರಲಿಲ್ಲ, ಬಾಗಿಲ ಚಿಲಕ ಮಾತ್ರ ಒಳಗಿನಿಂದ ಹಾಕಿದ ಹಾಗೇ ಇತ್ತಂತೆ.

ಕೊಟ್ಟೂರೇಶ್ ಈ ಸಲ ನಗಲಿಲ್ಲ. ಹಗ್ಗದ ಮೇಲೆ ಒಣಗುತ್ತಿದ್ದ ಹೆಂಡತಿಯ ಹಸಿರು ಸೀರೆಯನ್ನೇ ನೋಡುತ್ತ ಕೇಳಿದ. "ನೀನು ಹೋಗಿದ್ಯಾ?"

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಹೆಂಗಸ್ರಿಗೆ ಬಸ್ಸು ಹೆಂಗೂ ಫ್ರೀ. ಮನಸು ಬಂದಾಗ ಹತ್ತಿ ಹೋಗಿ ಬಂದ್ರೆ ಕೇಳೋರ್ಯಾರು?"

"ಬೇಕಾದ್ರೆ ಅವ್ವನ್ನ ಕೇಳ್ರಿ."

ಕೇಳುವ ಮೊದಲೇ ಅನ್ನಪೂರ್ಣಮ್ಮ ಮೆಟ್ಟಿಲಿನಿಂದ ದನಿ ಹಾಕಿದಳು. "ಎಲ್ಲಿ ಹೋಗ್ತಾಳ್ರಿ ಅಳಿಯಂದ್ರೆ? ಉಂಡವಳೇ ಗ್ವಾಡಿಗೆ ಒರಗಿ ಕುಂತಿದ್ಲು. ಕಣ್ಣು ತೆರೆದೇ ಇದ್ವು. ಹಾಲು ಉಕ್ಕತೈತೆ ನೋಡು ಅಂತ ಕೂಗಿ ಕೂಗಿ ಗಂಟಲು ಹರೀತು, ಓ ಅನ್ನಲಿಲ್ಲ."

"ಅತ್ತಿ, ಸೈಟು ನಿಮ್ಮ ಮಗಳ ಹೆಸರಲ್ಲೇ ಐತೆ. ನಾನೇನು ನನಗೋಸ್ಕರ ಮಾಡ್ತಿದೀನಾ?"

"ಹೆಸರು ಲೇಔಟಿನಾಗೆ ಇಟ್ರಿ, ಜೀವ ವಿದ್ಯಾನಗರದಾಗೆ ಬಿಟ್ರಿ. ಖಾಲಿ ಮೈ ತಂದು ನನ್ನ ತಲೀಗೆ ಕಟ್ಟೀರಿ. ಚಲೋ ಐತೆ ನಿಮ್ಮ ವ್ಯಾಪಾರ."

ಮಾರನೆಯ ದಿನ ಕೊಟ್ಟೂರೇಶ್ ವಿದ್ಯಾನಗರದ ಮನೆಯ ಮುಂಬಾಗಿಲಿನ, ನಂಬರ್ ಒತ್ತಿ ತೆಗೆಯುವ ಬೀಗದ ನಂಬರನ್ನು ಬದಲಿಸಿದ. ಹೆಂಡತಿಗೆ ಹೇಳಲಿಲ್ಲ. ಮುಂದೆ ಬಂದ ಮದುವೆಯವರಿಗೆ ಮಾತ್ರ ಹೇಳಿದ. ಅವರು ಎರಡು ದಿನಕ್ಕೆ ಹಣ ಕಟ್ಟಿದ್ದವರು ಮೊದಲ ದಿನದ ಮಧ್ಯಾಹ್ನವೇ ಅದೇ ಸಪ್ಪಳ ಕೇಳಿ ಸಾಮಾನು ಎತ್ತಿಕೊಂಡು ಹೊರಟುಹೋದರು.

ಅಂದು ಅಂಗಡಿಯಿಂದ ಬಂದ ಕೊಟ್ಟೂರೇಶ್ ಚಪ್ಪಲಿಯನ್ನೂ ಬಿಡದೆ ಮೆಟ್ಟಿಲ ಮೇಲೆ ಕೂತ. ನಂಬರ್ ಬದಲಿಸಿದ್ದನ್ನು ಆಗ ಹೇಳಿದ. ಹೇಳುವಾಗ ಅವಳ ಮುಖ ನೋಡಲಿಲ್ಲ, ಕೈಗಳನ್ನು ನೋಡಿದ. ಭುವನೇಶ್ವರಿಯೂ ತನ್ನ ಕೈಗಳನ್ನು ನೋಡಿಕೊಂಡಳು. ಶುಭ್ರವಾಗಿದ್ದವು. ಆದರೂ ಸೆರಗಿಗೆ ಒರೆಸಿಕೊಂಡಳು.

"ನಾನು ಹೋಗಿಲ್ಲ ರೀ," ಎಂದಳು. ಅದು ಪೂರ್ತಿ ನಿಜವೋ ಅಲ್ಲವೋ ಅವಳಿಗೇ ಗೊತ್ತಾಗಲಿಲ್ಲ.

"ನೀನು ಹೋಗಿದ್ರೇನೇ ಚಲೋ ಇತ್ತು," ಎಂದ ಅವನು. ಚಪ್ಪಲಿ ಬಿಚ್ಚುತ್ತ, "ಇನ್ನು ಯುಗಾದಿ ಮಾತು ಎತ್ತಬ್ಯಾಡ. ಹಿಂಗೆ ಜನ ಓಡಿಹೋದ್ರೆ ಎರಡನೇ ಸೈಟಿನ ಕಂತು ನಿಲ್ತೈತೆ, ಮುಂಗಡನೂ ಮುಳುಗ್ತೈತೆ. ಇನ್ನೊಂದು ವರ್ಷನಾದ್ರೂ ಇಲ್ಲೇ ಇರ್ಬೇಕು. ಮನೆ ತುಂಬಿ ದುಡ್ಡು ಬಂದ್ರೆ ಹೋಗೋಣ. ತುಂಬದಂಗೆ ಯಾರು ಮಾಡ್ತಿದಾರೋ ಅವರನ್ನ ಕೇಳು," ಎಂದ.

ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಮನೆ ಸೇರುವ ದಾರಿಗೆ ತಾನೇ ಅಡ್ಡ ಕೂತಿದ್ದೇನೆ ಎನ್ನಿಸಿತು ಅವಳಿಗೆ. ಮಧ್ಯಾಹ್ನ ಗೋಡೆಗೆ ಒರಗಬಾರದೆಂದು ನಿಶ್ಚಯಿಸಿ ತಾಯಿಯ ಜೊತೆ ಅವರೆಕಾಯಿ ಸುಲಿಯಲು ಕೂತಳು. ಕೈ ಸುಲಿಯುತ್ತಲೇ ಇತ್ತು. ಅವಳು ಮಾತ್ರ ಗೇಟಿನ ಚಿಲಕ ತೆಗೆದು ಒಳಗೆ ಹೋಗಿದ್ದಳು.

ಕೆಲವು ದಿನ ಯಾರೂ ಬರಲಿಲ್ಲ. ಆಮೇಲೆ ಹರಪನಹಳ್ಳಿ ಕಡೆಯ ಹಳ್ಳಿಯೊಂದರಿಂದ ಕೊಟ್ರವ್ವ ಎಂಬ ಹೆಂಗಸು, ಗಂಡ ಗೋಣೆಪ್ಪನ ಡಯಾಲಿಸಿಸ್‌ಗೆಂದು ಬಂದಳು. ಆಸ್ಪತ್ರೆ ಹತ್ತಿರ ಮನೆ ಬೇಕು, ತಿಂಗಳೊಪ್ಪತ್ತು ಇರುತ್ತೇವೆ ಎಂದು ಅವರ ಊರಿನ ಯಾರೋ ಟೈಲ್ಸ್ ಅಂಗಡಿಗೆ ಬಂದು ಹೇಳಿದ್ದರು. ಭುವನೇಶ್ವರಿಯೇ ಹೋಗಿ ನಲ್ಲಿ, ಗೀಸರು, ಗ್ಯಾಸು ತೋರಿಸಿಕೊಟ್ಟು ಬಂದಳು. ವಾರವಾಯಿತು, ಎರಡು ವಾರವಾಯಿತು. ಫೋನ್ ಬರಲಿಲ್ಲ, ದೂರು ಬರಲಿಲ್ಲ. ಹಾಸಿಗೆಯ ಬಟ್ಟೆ ಬದಲಿಸಿ ಬರುತ್ತೇನೆಂದು ಅವಳು ಒಂದು ಮಧ್ಯಾಹ್ನ ಹೋದಳು.

ಬಾಗಿಲು ತೆರೆದ ಕೊಟ್ರವ್ವ ಅವಳನ್ನು ನೋಡಿ, ಆಮೇಲೆ ಹಿಂದೆ ತಿರುಗಿ ಅಡುಗೆಮನೆಯ ಕಡೆ ನೋಡಿದಳು.

"ಹಿಂಗ್ಯಾಕ ಹೊರಗಿಂದ ಬಂದಿ? ಈಗ ತಾನೆ ಒಳಗೆ ಇದ್ದೆಲ್ಲ."

ಭುವನೇಶ್ವರಿಯ ಕೈಯಲ್ಲಿದ್ದ ಬಟ್ಟೆಯ ಗಂಟು ಜಾರಿತು. ಕೊಟ್ರವ್ವನೇ ಅದನ್ನು ಎತ್ತಿಕೊಂಡಳು. "ಬಾ, ಕುಂದ್ರು. ಅಂಜಬ್ಯಾಡ. ನಾ ಅಂಜಿಲ್ಲ, ನೀ ಯಾಕ ಅಂಜ್ತಿ? ದಿನಾ ಬರ್ತಿ, ನಿನ್ನ ಪಾಡಿಗೆ ನೀನು ರೊಟ್ಟಿ ಬಡೀತಿ, ಹೋಗ್ತಿ. ಒಂದು ರೊಟ್ಟೀನಾದ್ರೂ ಬಿಟ್ಟು ಹೋಗಬಾರದೇನವ್ವ ಅಂತ ಅಂದಿದ್ದೆ ನಿನ್ನೆ. ತಿರುಗಿ ನೋಡಲಿಲ್ಲ, ಭಾಳ ಜಂಬದಾಕಿ."

ಒಳಕೋಣೆಯಿಂದ ಗೋಣೆಪ್ಪನ ಸಣ್ಣ ದನಿ ಬಂತು. "ಆಕೀನ ಆಕಿ ಪಾಡಿಗೆ ಬಿಡು. ಆ ಸಪ್ಪಳ ಕೇಳಿದ್ರೆ ನಂಗೆ ನಿದ್ದಿ ಹತ್ತತೈತೆ."

"ಕೇಳಿದ್ಯಾ? ನನ್ನ ರೊಟ್ಟಿ ಸಪ್ಪಳಕ್ಕೆ ನಲವತ್ತು ವರ್ಷ ನಿದ್ದಿ ಕೆಟ್ಟಿತ್ತಂತೆ. ನಿಂದಕ್ಕೆ ಹತ್ತತೈತಂತೆ," ಎಂದು ಕೊಟ್ರವ್ವ ನಕ್ಕಳು.

ಭುವನೇಶ್ವರಿ ಅಡುಗೆಮನೆಯ ಬಾಗಿಲವರೆಗೆ ಹೋಗಿ ನೋಡಿದಳು. ಯಾರೂ ಇರಲಿಲ್ಲ. ಕಟ್ಟೆ ಮಾತ್ರ ಈಗ ತಾನೆ ಒರೆಸಿದಂತೆ ಒದ್ದೆಯಾಗಿತ್ತು. ಅವಳು ಪಡಸಾಲೆಗೆ ಬಂದು ನೆಲದ ಮೇಲೇ ಕೂತಳು. ಎಲ್ಲವನ್ನೂ ಹೇಳಿದಳು. ದೂರುಗಳನ್ನು, ಬದಲಿಸಿದ ನಂಬರನ್ನು, ಯುಗಾದಿಯನ್ನು. ತನಗೆ ತಲೆ ಕೆಟ್ಟಿದೆಯೇನೋ ಎಂದೂ ಕೇಳಿದಳು.

ಕೊಟ್ರವ್ವ ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡಳು. "ಅವತ್ತು ಮನಿ ತೋರಿಸಿ ಹೊಂಟಾಗ ಹೊಸ್ತಿಲ ಹತ್ರ ನಿಂತು ಏನಂದಿ?"

"ಏನಂದೆ? ಬರ್ತೀನಿ ಅಂದೆ. ಎಲ್ಲಾರೂ ಅಂತಾರಲ್ಲ."

"ಅಂತಾರ. ಮನಷ್ಯಾರಿಗೆ ಅಂತಾರ. ನೀ ನನ್ನ ಕಡೆ ನೋಡಲಿಲ್ಲ, ಒಳಗೆ ಮುಖ ಮಾಡಿ ಅಂದಿ. ಗ್ವಾಡಿಗೆ ಅಂದಿ, ಒಲಿಗೆ ಅಂದಿ. ಪ್ರತಿ ಸಲ ಹಂಗೇ ಅಂತೀಯೇನು?"

ಭುವನೇಶ್ವರಿ ನೆನಪಿಸಿಕೊಂಡಳು. ಪ್ರತಿ ಸಲವೂ ಹಾಗೇ ಅಂದಿದ್ದಳು. ಬಾಗಿಲು ಎಳೆದುಕೊಳ್ಳುವಾಗ ಖಾಲಿ ಪಡಸಾಲೆಯ ಕಡೆ ತಿರುಗಿ, ಬರ್ತೀನಿ. ಹೋಗ್ತೀನಿ ಎಂದರೆ ಅಶುಭ. ಚಿಕ್ಕಂದಿನಿಂದ ತಾಯಿ ಬಾಯಿಗೆ ಹಾಕಿದ ಮಾತು ಅದು. ಯಾರಿಗೆ ಹೇಳುತ್ತಿದ್ದೇನೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

"ಮಾತು ಕೊಟ್ಟು ಹೋಗ್ತಿ. ಮಾತು ಉಳಿಸ್ಕೊಳ್ಳಾಕ ಬರ್ತಿ. ಇದ್ರಾಗ ದೆವ್ವ ಎಲ್ಲೈತೆ?" ಎಂದಳು ಕೊಟ್ರವ್ವ.

"ಬರದಂಗೆ ಮಾಡೋದು ಹೆಂಗೆ?"

ಕೊಟ್ರವ್ವ ಒಳಕೋಣೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಮಣ್ಣಿಗೆ ಹೋದ ಮನಿಯಿಂದ ಹೆಂಗೆ ಹೊಂಡ್ತೀವಿ? ಬರ್ತೀನಿ ಅನ್ನಂಗಿಲ್ಲ, ಬರ್ರಿ ಅಂತ ಅವರೂ ಅನ್ನಂಗಿಲ್ಲ. ಎದ್ದು ಹೋಗೋದು, ಅಷ್ಟೆ. ಅದು ಸತ್ತ ಮನಿಗೆ ಮಾಡೋದು. ಜೀವ ಇರೋ ಮನಿಗೆ ಯಾರೂ ಮಾಡಿಲ್ಲ. ನೀನೂ ಮಾಡಬ್ಯಾಡ. ಬಂದು ಹೋಗೋಳು ಬಂದು ಹೋಗ್ಲಿ, ಯಾರಿಗೇನು ಖರ್ಚು?"

ಭುವನೇಶ್ವರಿ ಆ ದಿನ ಹೊರಡುವಾಗ ಬಾಯಿ ತಪ್ಪಿ ಮತ್ತೆ ಬರ್ತೀನಿ ಎಂದೇಬಿಟ್ಟಳು.

ಗೋಣೆಪ್ಪನಿಗೆ ತಮ್ಮ ಹಳ್ಳಿಗೆ ಹತ್ತಿರದ ಊರಿನಲ್ಲೇ ಡಯಾಲಿಸಿಸ್ ಸಿಗುವಂತಾಗಿ, ಅವರು ತಿಂಗಳು ತುಂಬುವ ಮೊದಲೇ ಮನೆ ಖಾಲಿ ಮಾಡಿದರು. ಆ ವಾರವೇ ಕೊಟ್ಟೂರೇಶ್ ಉತ್ಸಾಹದಿಂದ ಬಂದ. ಪರೀಕ್ಷೆ ನಡೆಸಲು ಬರುವವರ ದೊಡ್ಡ ತಂಡವೊಂದು ಯುಗಾದಿಯ ಹಿಂದಿನ ದಿನದವರೆಗೂ ಮನೆ ಕೇಳಿತ್ತು. "ಇವರು ಖುಷಿಯಾಗಿ ಹೋದ್ರೆ ಸಾಕು. ಎರಡನೇ ಸೈಟಿನದು ದಡ ಹತ್ತತೈತೆ. ಯುಗಾದಿಗೆ ಮನೀಗೆ ಹೋಗೋಣ, ನನ್ನ ಮಾತು. ಆದ್ರೆ ಆ ಸಪ್ಪಳ..." ಎಂದು ನಿಲ್ಲಿಸಿದ.

"ಇನ್ನು ಆಗಂಗಿಲ್ಲ ಬಿಡ್ರಿ," ಎಂದಳು ಅವಳು.

ಮರುದಿನ ಬೆಳಿಗ್ಗೆ ಹೋಗಿ ಮನೆ ತೊಳೆದಳು. ಎಂದಿಗಿಂತ ಹೆಚ್ಚು ಹೊತ್ತು ತೊಳೆದಳು. ಕಿಟಕಿಯ ಸರಳು ಒಂದೊಂದನ್ನೂ ಒರೆಸಿದಳು. ಒರೆಸಲು ಇನ್ನೇನೂ ಉಳಿಯದಾದಾಗ ಹೊಸ್ತಿಲು ದಾಟಿ ನಿಂತಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಒಳಗೆ ನೋಡದೆ ಬಾಗಿಲೆಳೆದಳು. ಇಷ್ಟೇ ತಾನೆ, ಯುಗಾದಿಗೆ ಬಂದೇ ಬರುತ್ತೇನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಗೇಟಿನ ಬಳಿ ಖತೀಜಾಬೀ ಸಿಕ್ಕಳು. "ಹೊಂಟ್ರಾ ಭುವನಕ್ಕ?"

ಹೂಂ, ಬರ್ತೀನಿ ಎನ್ನಬೇಕು. ಆ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ. ಭುವನೇಶ್ವರಿ ತಲೆ ಆಡಿಸಿದಳಷ್ಟೆ.

"ಯಾಕೆ, ನಮ್ಮೇಲೆ ಸಿಟ್ಟಾ? ಬರ್ತೀನಿ ಅಂತನಾದ್ರೂ ಅನ್ರಲ್ಲ," ಎಂದು ಖತೀಜಾಬೀ ಕೂಗಿದಳು. ಭುವನೇಶ್ವರಿ ಬಾಯಲ್ಲಿ ಸೆರಗು ಕಚ್ಚಿಕೊಂಡೇ ಬೀದಿಯ ತಿರುವು ದಾಟಿದಳು. ಅಳುತ್ತಿದ್ದಾಳೋ ಏನೋ ಎಂದು ಜನ ನೋಡಿದರು.

ಸಪ್ಪಳ ನಿಂತಿತು. ಪರೀಕ್ಷೆಯ ತಂಡದವರು ಅಲ್ಲಿರುವಾಗಲೇ, ಮನೆ ಬಹಳ ಶಾಂತವಾಗಿದೆ, ಸ್ವಂತ ಮನೆಯ ಹಾಗೇ ಅನ್ನಿಸುತ್ತದೆ ಎಂದು ಬರೆದರು. ಕೊಟ್ಟೂರೇಶ್ ಅದನ್ನು ಅತ್ತೆಗೂ ಓದಿ ಹೇಳಿದ. ಅನ್ನಪೂರ್ಣಮ್ಮನಿಗೂ ಸಮಾಧಾನವಾಗಿತ್ತು. ಮಗಳು ಈಗ ಕರೆದರೆ ಓ ಎನ್ನುತ್ತಿದ್ದಳು, ಮಧ್ಯಾಹ್ನ ಮಲಗಿ ನಿದ್ದೆ ಮಾಡುತ್ತಿದ್ದಳು.

ಭುವನೇಶ್ವರಿಗೂ ಮೊದಲು ಹಗುರಾಯಿತು. ಆಮೇಲೆ ಒಂದು ಮಧ್ಯಾಹ್ನ, ಹಬ್ಬಕ್ಕೆ ಹೋದಾಗ ಏನೇನು ಎಲ್ಲೆಲ್ಲಿಡಬೇಕು ಎಂದು ಲೆಕ್ಕ ಹಾಕಲು ಕೂತಾಗ, ಅವಳಿಗೆ ಮನಸ್ಸಿನಲ್ಲಿ ಗೇಟು ದಾಟಿ ಒಳಗೆ ಹೋಗಲಾಗಲಿಲ್ಲ. ಬಾಗಿಲು ಕಾಣುತ್ತಿತ್ತು. ಬಾಗಿಲ ಹಿಂದೆ ಏನಿತ್ತು ಎಂದು ಯೋಚಿಸಿದರೆ ಅನ್ನಪೂರ್ಣಮ್ಮನ ಪಡಸಾಲೆಯೇ ಬರುತ್ತಿತ್ತು.

"ರೀ, ನಮ್ಮ ಅಡುಗೆಮನೆ ಕಿಟಕಿ ಯಾವ ಕಡೆಗೈತೆ?"

"ಇದೊಳ್ಳೆ ಕಥೆ ಆಯ್ತಲ್ಲ. ಹತ್ತೊಂಬತ್ತು ವರ್ಷ ಅಡುಗೆ ಮಾಡಿದೋಳು ನೀನು," ಎಂದು ಅವನು ನಕ್ಕ. ಯಾವ ಕಡೆಗೆಂದು ಹೇಳಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ. ಹೋದ ಮೇಲೆ ತಿಳಿಯುತ್ತದೆ, ದಣಿವಿಗೆ ಹೀಗಾಗಿದೆ ಎಂದುಕೊಂಡಳು.

ಕೊಟ್ಟೂರೇಶ್ ಹೇಳಿದ ಮಾತು ನಡೆಸಿದ. ಯುಗಾದಿಯ ಹಿಂದಿನ ದಿನ ಲಗೇಜ್ ಆಟೋದಲ್ಲಿ ಸಾಮಾನು ಹಾಕಿಸಿ, ಮುಂದಿನ ಯಾವ ದಿನಕ್ಕೂ ಯಾರೂ ಮನೆ ಕೇಳದಂತೆ ಮೊಬೈಲಿನಲ್ಲಿ ಎಲ್ಲ ತಾರೀಖುಗಳನ್ನೂ ಮುಚ್ಚಿದ. ಹಿಂದಿನ ಸಣ್ಣ ಕೋಣೆಯ ಬೀಗ ತೆಗೆದು ದೇವರ ಫೋಟೊಗಳನ್ನು ತಾನೇ ತಂದಿಟ್ಟ. ಭುವನೇಶ್ವರಿ ಹೊರಗೆ ಚಪ್ಪಲಿ ಬಿಟ್ಟು, ಅವನು ಒಳಗೆ ಹೋಗುವವರೆಗೂ ಕಾದು, ಅವನ ಹಿಂದೆ ಬಂದಳು. ಯಾವ ಸ್ವಿಚ್ಚು ಯಾವ ದೀಪದ್ದೆಂದು ಒಂದೊಂದೇ ಒತ್ತಿ ನೋಡಿದಳು. ಬೀರು ಖಾಲಿಯಿತ್ತು. ತನ್ನ ಸೀರೆಗಳನ್ನು ಅದರಲ್ಲಿಡದೆ ಚೀಲದಲ್ಲೇ ಬಿಟ್ಟಳು.

"ಸುಸ್ತಾಗಿರ್ಬೇಕು. ನಾಳೆ ಇಡುವಿಯಂತೆ," ಎಂದ ಕೊಟ್ಟೂರೇಶ್.

ಹಬ್ಬದ ಬೆಳಿಗ್ಗೆ ಅವನು ಮಾವಿನ ಸೊಪ್ಪು ತರಲು ಹೋಗಿ ಬರುವಷ್ಟರಲ್ಲಿ ಅವಳು ಸ್ನಾನ ಮುಗಿಸಿದ್ದಳು. ಹಾಸಿಗೆಯ ಬಟ್ಟೆಯನ್ನು ಸುಕ್ಕಿಲ್ಲದಂತೆ ಎಳೆದು, ಒದ್ದೆ ಟವೆಲುಗಳನ್ನು ಮಡಿಸಿ ಬಚ್ಚಲ ಬಾಗಿಲಲ್ಲಿಟ್ಟಿದ್ದಳು. ಕಸದ ಚೀಲ ಕಟ್ಟಿ ಹೊರಗಿಟ್ಟಿದ್ದಳು. ಚಹಾ ಕುಡಿದ ಲೋಟಗಳನ್ನು ತೊಳೆದು ಬೋರಲು ಹಾಕಿದ್ದಳು. ಹೊಸ ಸೀರೆ ಉಟ್ಟು, ಚೀಲವನ್ನು ಕೈಯಲ್ಲಿ ಹಿಡಿದು, ಬಾಗಿಲ ಪಕ್ಕದಲ್ಲಿ ನಿಂತಿದ್ದಳು.

"ಇದೇನು, ಎಲ್ಲಿಗೆ?" ಎಂದ ಅವನು.

"ಏನಿಲ್ಲ. ಎಲ್ಲಾ ಮೊದಲಿದ್ದಂಗೇ ಇಟ್ಟೀನಿ, ನೋಡ್ಕೊಳ್ರಿ. ಒಂದು ಲೋಟದ ಅಂಚು ಸೀಳಿತ್ತು, ಅದು ನನ್ನಿಂದಲ್ಲ." ಅವಳು ಸಂಕೋಚದಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟಳು. "ಖಾಲಿ ಮಾಡೋದು ಎಷ್ಟು ಗಂಟೆಗೆ ಅಂತ ನೀವು ಹೇಳಲೇ ಇಲ್ಲ."

ಅವನು ನಗಲು ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿಕೊಂಡ. ಕೈಯಲ್ಲಿದ್ದ ಮಾವಿನ ಸೊಪ್ಪನ್ನು ಎಲ್ಲಿಡುವುದೆಂದು ತಿಳಿಯದೆ ಕಿಟಕಿಯ ಮೇಲಿಟ್ಟ. ಎದುರು ಮನೆಯವರು ಬಾಗಿಲಿಗೆ ನೀರು ಹಾಕುತ್ತಿದ್ದರು.

"ಭುವನಾ, ಇದು ನಮ್ಮನೆ," ಎಂದ.

"ಹೌದ್ರಿ. ಭಾಳ ಚಲೋ ಐತೆ," ಎಂದಳು ಅವಳು, ನಂಬಿದವಳಂತೆ, ಅವನಿಗೆ ಬೇಸರವಾಗಬಾರದೆಂಬಂತೆ.

ಅವನು ಚೀಲವನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಒಳಗೆ ಇಟ್ಟು ಬಂದ. ಕೂಡ್ರಿ ಎಂದು ಯಾರಾದರೂ ಹೇಳಲೆಂದು ಅವಳು ಸೋಫಾದ ಪಕ್ಕದಲ್ಲಿ ನಿಂತಳು.